ಜ್ಯೂಸ್, ಸೋಡ, ಕಲರ್, ಕೂಲ್ ಡ್ರಿಂಕ್ಸ್: ಕೋಲಾರದ ಫ್ರಿಜ್‌ನಲ್ಲಿ ಹೆಸರು ಹೇಳುವುದೇನು, ಮರೆಸುವುದೇನು

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದಿವೆ. ಕೋಲಾರದ ಯಾವುದೇ ಕಾಂಡಿಮೆಂಟ್ಸ್ ಅಂಗಡಿಯ ಫ್ರಿಜ್‌ನಲ್ಲಿ ಅಕ್ಕಪಕ್ಕ ಇರುವ ಮೂರು ಬಾಟಲಿಗಳನ್ನು ತೆಗೆದುಕೊಳ್ಳಿ. ಸಿಹಿಯಿಲ್ಲದ ಸಾದಾ ಸೋಡಕ್ಕೆ ಶೇ 5ರಷ್ಟು ತೆರಿಗೆ. ಮಾವಿನ ತಿರುಳು ಹಾಕಿದ ಪಾನೀಯಕ್ಕೂ ಶೇ 5. ಗುಳ್ಳೆಯೇಳುವ, ಕಿತ್ತಳೆ ಬಣ್ಣದ ಸಿಹಿ ಪಾನೀಯಕ್ಕೆ ಮಾತ್ರ ಶೇ 40. ಇದಕ್ಕೆ ಮುಂಚೆ ಸಾದಾ ಸೋಡಕ್ಕೆ ಶೇ 18, ಮಾವಿನದಕ್ಕೆ ಶೇ 12 ಇತ್ತು. ಕಿತ್ತಳೆ ಬಣ್ಣದ್ದಕ್ಕೆ ಶೇ 28ರ ಮೇಲೆ ಶೇ 12ರ ಸೆಸ್ ಸೇರಿ ಆಗಲೂ ನಲವತ್ತೇ ಆಗುತ್ತಿತ್ತು.

ಅದೇ ಫ್ರಿಜ್ಜನ್ನು ಊರಿನ ಮಾತು ಬೇರೆ ರೀತಿ ವಿಂಗಡಿಸುತ್ತದೆ. ನೆಂಟರು ಬಂದಾಗ "ಓಡೋಗಿ ಜ್ಯೂಸ್ ತಗೊಂಡ್ ಬಾರೋ" ಎಂದು ಹುಡುಗನನ್ನು ಅಂಗಡಿಗೆ ಕಳಿಸಿದರೆ ಅವನು ಮಾವಿನ ಬಾಟಲಿ ತಂದರೂ ನಡೆಯುತ್ತದೆ, ಕಿತ್ತಳೆ ಬಣ್ಣದ್ದು ತಂದರೂ ನಡೆಯುತ್ತದೆ. ಸಾದಾ ಸೋಡ ತಂದರೆ ಮಾತ್ರ ಬೈಗುಳ. ಅಂದರೆ ಕಾನೂನು ಗೆರೆ ಎಳೆಯುವುದು ಗ್ಯಾಸ್ ನೋಡಿ, ಸಿಹಿ ನೋಡಿ, ಹಣ್ಣು ನೋಡಿ. ಮನೆ ಗೆರೆ ಎಳೆಯುವುದು ಬಣ್ಣ ಮತ್ತು ಮರ್ಯಾದೆ ನೋಡಿ. ಒಂದು ಬಾಟಲಿಯಲ್ಲಿ ಎಷ್ಟು ಸಕ್ಕರೆ ಇದೆ ಎಂಬುದು ಈ ಎರಡೂ ವಿಂಗಡಣೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಈ ಲೇಖನದ ಕಾಳಜಿ ಅದು.

ಇದು ಬರೀ ಮಾತಿನ ಸ್ವಾರಸ್ಯದ ವಿಷಯವಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ನಮ್ಮ ದೇಶದ ಆಹಾರ ಲೇಬಲ್ ನಿಯಮದ ಪ್ರಕಾರ ಪ್ಯಾಕೆಟ್ಟಿನ ಮೇಲಿನ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆ ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ಬ್ರ್ಯಾಂಡಿನ ಹೆಸರು ಕನ್ನಡದಲ್ಲಿ ದೊಡ್ಡದಾಗಿ ಕಂಡರೂ ಸಕ್ಕರೆ, ಬಣ್ಣ, ಕೆಫೀನ್, ಎಚ್ಚರಿಕೆ ಎಲ್ಲ ಇರುವುದು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡ ಮಾತ್ರ ಓದಬಲ್ಲ ಅಮ್ಮನಿಗೆ, ತೆಲುಗು ಆಡಿ ಕನ್ನಡ ಓದುವ ಅಜ್ಜನಿಗೆ ಆ ಬಾಟಲಿಯ ಬಗ್ಗೆ ತಿಳಿಯುವುದು ಅದರ ಆಡುಹೆಸರಿನಿಂದಲೇ. ಊರಿನಲ್ಲಿ ಓಡಾಡುವ ಹೆಸರೇ ಅವರಿಗೆ ಲೇಬಲ್. ಹಾಗಾಗಿ ಆ ಹೆಸರುಗಳನ್ನು ಒಂದೊಂದಾಗಿ ನೋಡುವುದು ಅಗತ್ಯ.

ಕೋಲಾರ ಗಡಿ ಜಿಲ್ಲೆ. ಮುಳಬಾಗಿಲು ದಾಟಿ ನಂಗಲಿ ಕಳೆದರೆ ಆಂಧ್ರ, ಮಾಲೂರಿನಿಂದ ಹೊಸೂರಿನ ಕಡೆ ಹೊರಟರೆ ತಮಿಳುನಾಡು. ಕನ್ನಡ, ತೆಲುಗು, ತಮಿಳು, ದಖ್ಖನಿ ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ಕೇಳುತ್ತವೆ. ಗುಳ್ಳೆ ಪಾನೀಯದ ಹೆಸರುಗಳೂ ಗಡಿ ನೋಡದೆ ಓಡಾಡುತ್ತವೆ. ಹಳಬರ ಬಾಯಲ್ಲಿ ಅದು "ಕಲರ್". ಬಣ್ಣವಿಲ್ಲದ ಸೋಡ ಒಂದು, ಬಣ್ಣ ಹಾಕಿದ ಸಿಹಿ ಸೋಡ ಇನ್ನೊಂದು. ಎರಡನೆಯದಕ್ಕೆ ಬಣ್ಣವೇ ಹೆಸರಾಯಿತು. ತಮಿಳಿನಲ್ಲೂ ಇದು ಬಳಕೆಯ ಮಾತು, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಲ್ಲಿ ಗಣಿ ಕಾರ್ಮಿಕರ ಕುಟುಂಬಗಳು ಆಡುವ ತಮಿಳಿಗೆ ಹೊಸದೇನಲ್ಲ. ಗುಲಾಬಿ ವಾಸನೆಯ "ಪನ್ನೀರ್ ಸೋಡ" ಬಂದದ್ದೂ ತಮಿಳು ಕಡೆಯಿಂದಲೇ. ಆಂಧ್ರದ ದಿಕ್ಕಿನಿಂದ ಬಂದದ್ದು "ನನ್ನಾರಿ": ಸೊಗದೆ ಬೇರಿನ ಷರಬತ್ತು, ಮೇಲೆ ನಿಂಬೆ ಹಿಂಡಿ ಸೋಡ ಹಾಕಿದರೆ ನನ್ನಾರಿ ಸೋಡ. ಇವೆಲ್ಲ ಹೆಸರುಗಳಲ್ಲಿ ಒಂದು ಒಳ್ಳೆಯ ಗುಣ ಇದೆ. ಒಳಗೆ ಏನು ಹಾಕಿದ್ದಾರೆ ಎಂಬುದನ್ನು ಹೆಸರೇ ಹೇಳಿಬಿಡುತ್ತದೆ. ನಿಂಬೆ ಸೋಡ ಅಂದರೆ ನಿಂಬೆ, ಜೀರಾ ಸೋಡ ಅಂದರೆ ಜೀರಿಗೆ, ಕಲರ್ ಅಂದರೆ ಬಣ್ಣ.

"ಸೋಡ" ಎಂಬ ಮಾತಿನ ಚರಿತ್ರೆ ಉದ್ದವಿದೆ. ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಜೋಸೆಫ್ ಪ್ರೀಸ್ಟ್ಲಿ 1767ರಲ್ಲಿ ಬಿಯರ್ ತಯಾರಿಸುವ ತೊಟ್ಟಿಗಳ ಮೇಲೆ ನಿಲ್ಲುತ್ತಿದ್ದ ಅನಿಲವನ್ನು ನೀರಿಗೆ ಬೆರೆಸಿ ನೋಡಿದ. 1783ರಲ್ಲಿ ಜಿನೀವಾದಲ್ಲಿ ಯೋಹಾನ್ ಯಾಕೋಬ್ ಶ್ವೆಪ್ ಅದನ್ನು ವ್ಯಾಪಾರವಾಗಿಸಿದ. ಆಗ ಆ ನೀರನ್ನು ಔಷಧಿಯೆಂದು ಮಾರುತ್ತಿದ್ದರು. ಸೋಡಿಯಂ ಲವಣ ಬೆರೆಸುತ್ತಿದ್ದುದರಿಂದ ಸೋಡ ನೀರು ಎಂಬ ಹೆಸರು ಬಂತು. ಈಗ ಸಾದಾ ಸೋಡಕ್ಕೆ ಅಡುಗೆ ಸೋಡ ಬೇಕಿಲ್ಲ. ತಣ್ಣಗಿನ ನೀರಿಗೆ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಒತ್ತಿ ತುಂಬಿದರೆ ಆಯಿತು. ನೀರು ತಣ್ಣಗಿದ್ದಷ್ಟೂ ಹೆಚ್ಚು ಗ್ಯಾಸ್ ಹಿಡಿಯುತ್ತದೆ, ಬೆಚ್ಚಗಾದರೆ ಬಿಟ್ಟುಬಿಡುತ್ತದೆ. ನಾಲಿಗೆ ಮೇಲೆ ಜುಮ್ ಅನ್ನಿಸುವುದಕ್ಕೆ ಗುಳ್ಳೆ ಒಡೆಯುವುದಷ್ಟೇ ಕಾರಣವಲ್ಲ. ಆ ಅನಿಲ ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುತ್ತದೆ, ನಾವು ಸವಿಯುವುದು ಮುಖ್ಯವಾಗಿ ಆ ಹುಳಿಯ ಚುರುಕನ್ನು.

ಔಷಧಿಯ ನೆನಪು ನಮ್ಮ ಕಡೆ ಇನ್ನೂ ಹೋಗಿಲ್ಲ. ಮದುವೆ ಊಟ ಹೆಚ್ಚಾಗಿ ಹೊಟ್ಟೆ ಉಬ್ಬರಿಸಿದರೆ "ಒಂದು ಸೋಡ ಕುಡಿ, ಗ್ಯಾಸ್ ಹೋಗುತ್ತೆ" ಅನ್ನುವುದು ಇವತ್ತಿಗೂ ಸಾಮಾನ್ಯ. ತೇಗು ಬರುವುದು ನಿಜ, ಆದರೆ ಬಹುಪಾಲು ಅದು ಈಗಷ್ಟೇ ಕುಡಿದ ಸೋಡದ ಗ್ಯಾಸೇ.

ಗೋಲಿ ಸೋಡಕ್ಕೆ ಹೆಸರು ಬಂದದ್ದು ಬಾಟಲಿಯಿಂದ. ಹೈರಮ್ ಕಾಡ್ ಎಂಬ ಇಂಗ್ಲೆಂಡಿನ ಎಂಜಿನಿಯರ್ 1872ರಲ್ಲಿ ಆ ಬಾಟಲಿಗೆ ಪೇಟೆಂಟ್ ಪಡೆದ. ಕತ್ತಿನ ಬಳಿ ಸೊಟ್ಟಗೆ ಒತ್ತಿದ ಗಾಜು, ಒಳಗೊಂದು ಗೋಲಿ, ಬಾಯಿಯ ಒಳಸುತ್ತಿಗೆ ರಬ್ಬರ್ ಉಂಗುರ. ಬಾಟಲಿಯನ್ನು ತಲೆಕೆಳಗಾಗಿ ತುಂಬಿ ತಿರುಗಿಸಿದಾಗ ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೊತ್ತಿ ಬಾಯಿ ಮುಚ್ಚುತ್ತದೆ. ಬಿರಡೆ ಬೇಡ, ಮುಚ್ಚಳ ಬೇಡ, ಬಾಟಲಿ ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ದೆಹಲಿ ಕಡೆ ಇದನ್ನೇ ಬಂಟಾ ಅನ್ನುತ್ತಾರೆ, ಜಪಾನಿನಲ್ಲಿ ಇಂಥ ಬಾಟಲಿಯ ಪಾನೀಯಕ್ಕೆ ರಾಮುನೆ ಎಂದು ಹೆಸರು. 2025ರ ಮಾರ್ಚ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಗೋಲಿ ಸೋಡ ಕೊಲ್ಲಿ ದೇಶಗಳ ಮಾರುಕಟ್ಟೆಗಳಿಗೆ ಹೋಗುತ್ತಿರುವುದನ್ನು ಹೆಮ್ಮೆಯಿಂದ ಪ್ರಕಟಿಸಿತು. ಅಲ್ಲಿ ಅದರ ಹೆಸರು "ಗೋಲಿ ಪಾಪ್ ಸೋಡ". ನಮ್ಮೂರಿನ ಬಾಟಲಿ ಹೊರದೇಶದ ಕಪಾಟಿನಲ್ಲಿ ನಿಲ್ಲುವುದು ಸಂತೋಷವೇ. ಆದರೆ ಇದೇ ಗೋಲಿ ಸೋಡವನ್ನು ಸಿಹಿ ಹಾಕಿ ಊರಿನಲ್ಲೇ ಮಾರುವ ಸಣ್ಣ ತಯಾರಕನ ಸರಕು ಜಿಎಸ್‌ಟಿಯಲ್ಲಿ ದೊಡ್ಡ ಕೋಲಾ ಕಂಪನಿಯ ಸರಕಿನ ಸಾಲಿನಲ್ಲೇ, ಶೇ 40ರ ದರದಲ್ಲೇ ನಿಲ್ಲುತ್ತದೆ. ಸಣ್ಣ ವ್ಯಾಪಾರಿಗಳಿಗೆ ಲೆಕ್ಕ ಸುಲಭ ಮಾಡಿಕೊಡುವ ಕಾಂಪೋಸಿಷನ್ ಯೋಜನೆಯಿಂದ ಇಂಥ ಪಾನೀಯ ತಯಾರಿಸುವವರನ್ನು 2019ರ ಅಕ್ಟೋಬರ್‌ನಲ್ಲೇ ಹೊರಗಿಟ್ಟಿದ್ದಾರೆ. ಇದು ಸರಿಯಲ್ಲ. ಊರೂರಿನ ಸೋಡ ಫ್ಯಾಕ್ಟರಿ ಅಂದರೆ ಒಂದು ಕೋಣೆ, ಒಂದು ಯಂತ್ರ, ನಾಲ್ಕು ಜನರ ದುಡಿಮೆ. ಅದಕ್ಕೂ ಜಾಗತಿಕ ಕಂಪನಿಗೂ ಒಂದೇ ಅಳತೆಗೋಲು ಹಿಡಿಯಬಾರದು.

ಅಮೆರಿಕದವರ ಹೆಸರಿನ ಜಗಳ ಪ್ರಸಿದ್ಧ. ಈಶಾನ್ಯ ರಾಜ್ಯಗಳಲ್ಲಿ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಸೋಡ, ಮಧ್ಯಪಶ್ಚಿಮದಲ್ಲಿ ಪಾಪ್, ದಕ್ಷಿಣದಲ್ಲಿ ಯಾವ ಬ್ರ್ಯಾಂಡ್ ಆದರೂ ಕೋಕ್. ಪಾಪ್ ಎಂಬುದು ಬಿರಡೆ ಹಾರುವ ಸದ್ದಿನಿಂದ ಬಂದ ಮಾತೆಂದು ರಾಬರ್ಟ್ ಸೌದಿ ಎಂಬ ಇಂಗ್ಲಿಷ್ ಕವಿ 1812ರಲ್ಲೇ ಬರೆದಿದ್ದಾನೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹಳಬರು ಎಲ್ಲಕ್ಕೂ ಜಿಂಜರ್ ಅನ್ನುತ್ತಾರೆ, ಶುಂಠಿ ಇರಲಿ ಬಿಡಲಿ. ಆ ಜಗಳ ಯಾವ ಊರಿನವರು ಎಂಬುದನ್ನು ಮಾತ್ರ ತಿಳಿಸುತ್ತದೆ. ಅಲ್ಲಿನವರಿಗೆ ಲೇಬಲ್ ತಮ್ಮ ಭಾಷೆಯಲ್ಲೇ ಇದೆ. ನಮ್ಮ ಪರಿಸ್ಥಿತಿ ಬೇರೆ.

ನಮ್ಮಲ್ಲಿ ಇಂದು ಹೆಚ್ಚು ಓಡುವ ಮಾತು "ಕೂಲ್ ಡ್ರಿಂಕ್ಸ್". ಒಂದೇ ಬಾಟಲಿ ಆದರೂ ಕೊನೆಗೆ "ಕ್ಸ್" ಇರಲೇಬೇಕು: "ಒಂದು ಕೂಲ್ ಡ್ರಿಂಕ್ಸ್ ಕೊಡಣ್ಣ." ಮುಂದಿನ "ಕೂಲ್" ಕೂಡ ಬಿಡುವಂತಿಲ್ಲ, ಯಾಕೆಂದರೆ ಬರೀ "ಡ್ರಿಂಕ್ಸ್" ಅಂದರೆ ಹೆಂಡವೇ. "ಅವನು ಡ್ರಿಂಕ್ಸ್ ಮಾಡ್ತಾನೆ" ಎಂದರೆ ಹೆಣ್ಣು ಕೊಡುವವರು ಎರಡು ಸಲ ಯೋಚಿಸುತ್ತಾರೆ. ತಣ್ಣಗಿರುವುದಕ್ಕೆ ಬೆಲೆಯೂ ಇದೆ. ಎಂಆರ್‌ಪಿ ಮೇಲೆ ಒಂದೆರಡು ರೂಪಾಯಿ "ಕೂಲಿಂಗ್ ಚಾರ್ಜ್" ಕೇಳುವ ಅಂಗಡಿಗಳು ಹೆದ್ದಾರಿಯುದ್ದಕ್ಕೂ ಸಿಗುತ್ತವೆ. ಹಾಗೆ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂಬುದು ನೆನಪಿರಲಿ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಿಗೆ ದುಡಿಯಲು ಬಂದ ಉತ್ತರದ ಹುಡುಗರು "ಠಂಡಾ" ಅನ್ನುತ್ತಾರೆ. ಅದೂ ತಂಪಿನ ಮಾತೇ. 2003ರ ಹೊತ್ತಿಗೆ 200 ಮಿಲಿಲೀಟರಿನ ಗಾಜಿನ ಬಾಟಲಿ ಐದು ರೂಪಾಯಿಗೆ ಬಂದಾಗ ಠಂಡಾ ಅಂದರೆ ಕೋಕಾ-ಕೋಲಾ ಎಂದು ಜಾಹೀರಾತು ಮಾಡಿದವರಿಗೆ ಆ ಮಾತಿನ ಬಲ ಚೆನ್ನಾಗಿ ಗೊತ್ತಿತ್ತು. ಬಾಯಾರಿಕೆಯ ಮಾತನ್ನೇ ಬ್ರ್ಯಾಂಡಿಗೆ ಕಟ್ಟಿದರು.

ಬ್ರ್ಯಾಂಡ್ ಹೆಸರು ಸಾಮಾನ್ಯ ಹೆಸರಾಗುವುದು ನಮ್ಮಲ್ಲೂ ಇದೆ, ಬೇರೆ ದಾರಿಯಲ್ಲಿ. 1977ರಲ್ಲಿ ಕೋಕಾ-ಕೋಲಾ ದೇಶ ಬಿಟ್ಟು ಹೋಯಿತು, ಅದೇ ವರ್ಷ ಪಾರ್ಲೆಯವರ ಥಮ್ಸ್ ಅಪ್ ಬಂತು. 1993ರಲ್ಲಿ ಕೋಕಾ-ಕೋಲಾ ಮರಳಿದಾಗ ಥಮ್ಸ್ ಅಪ್ಪನ್ನೇ ಕೊಂಡುಕೊಂಡಿತು. ಆ ಹದಿನಾರು ವರ್ಷಗಳಲ್ಲಿ ಕಪ್ಪಗಿರುವುದೆಲ್ಲ "ಥಮ್ಸಪ್" ಆಗಿ ನೆಲೆಯೂರಿತು. ಮಾವಿನದು ಯಾವುದಾದರೂ "ಮಾಜಾ". "ಪೆಪ್ಸಿ" ಎಂದು ಹಳ್ಳಿಯ ಮಕ್ಕಳು ಕೇಳಿದರೆ ಅಂಗಡಿಯವರು ಕೊಡುವುದು ಪ್ಲಾಸ್ಟಿಕ್ ಕೊಳವೆಯಲ್ಲಿ ಹೆಪ್ಪುಗಟ್ಟಿಸಿದ ಬಣ್ಣದ ಐಸ್. ಅದಕ್ಕೂ ಆ ಕಂಪನಿಗೂ ಏನೂ ಸಂಬಂಧವಿಲ್ಲ.

ಪತ್ರಿಕೆಗಳು ಬರೆಯುವ "ತಂಪು ಪಾನೀಯ"ವನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ನಮ್ಮದೇ ಆದ "ಪಾನಕ" ಇತ್ತಲ್ಲ, ಅದೇಕೆ ಈ ಬಾಟಲಿಗೆ ಹತ್ತಲಿಲ್ಲ? ಪಾನಕ ಹಂಚುವ ವಸ್ತು. ರಾಮನವಮಿಗೆ ಬೆಲ್ಲ, ಏಲಕ್ಕಿ, ಶುಂಠಿ, ನಿಂಬೆ ಹಾಕಿ ಮಾಡಿ, ಕೋಸಂಬರಿ ಮಜ್ಜಿಗೆಯ ಜೊತೆ ಬೀದಿಯಲ್ಲಿ ಬಂದವರಿಗೆಲ್ಲ ಕೊಡುವುದು ಅದು. ದುಡ್ಡು ಕೊಟ್ಟು ತರುವುದಕ್ಕೆ ಆ ಹೆಸರು ಒಗ್ಗಲಿಲ್ಲ. ಬೆಲ್ಲವೂ ಸಕ್ಕರೆಯೇ ಎಂಬುದು ನಿಜ. ಆದರೆ ಪಾನಕ ವರ್ಷಕ್ಕೆ ಕೆಲವೇ ದಿನ, ಎಷ್ಟು ಬೆಲ್ಲ ಬಿತ್ತು ಎಂದು ಕಲಸಿದವರಿಗೆ ಗೊತ್ತು.

ಈಗ "ಜ್ಯೂಸ್"ಗೆ ಬರೋಣ. ಇಡೀ ಪಟ್ಟಿಯಲ್ಲಿ ನನಗೆ ಆತಂಕ ಹುಟ್ಟಿಸುವ ಹೆಸರು ಇದೊಂದೇ. ಕಲರ್ ಎಂದವರಿಗೆ ಅದು ಬಣ್ಣದ ನೀರೆಂದು ಗೊತ್ತಿತ್ತು. ಕೂಲ್ ಡ್ರಿಂಕ್ಸ್ ಎಂದವರು ಅದರಿಂದ ತಂಪನ್ನು ಬಿಟ್ಟು ಬೇರೇನೂ ಬಯಸಲಿಲ್ಲ. ಜ್ಯೂಸ್ ಎಂದಾಗ ಹಣ್ಣು ಮನಸ್ಸಿಗೆ ಬರುತ್ತದೆ, ಹಣ್ಣಿನ ಹಿಂದೆ ಆರೋಗ್ಯ ಬರುತ್ತದೆ. ಅದಕ್ಕೇ ಬಾಣಂತಿಯನ್ನು ನೋಡಲು ಹೋಗುವವರು, ಆಸ್ಪತ್ರೆಯಲ್ಲಿ ಮಲಗಿದವರನ್ನು ವಿಚಾರಿಸಲು ಹೋಗುವವರು ಬ್ರೆಡ್ಡಿನ ಜೊತೆ ಒಂದು ದೊಡ್ಡ ಬಾಟಲಿ "ಜ್ಯೂಸ್" ಹಿಡಿದು ಹೋಗುತ್ತಾರೆ. ಪ್ರೀತಿಯಿಂದಲೇ ಒಯ್ಯುತ್ತಾರೆ. ಸಕ್ಕರೆ ಕಾಯಿಲೆ ಇರುವ ತಾತನಿಗೂ "ಜ್ಯೂಸ್ ತಾನೆ, ಸ್ವಲ್ಪ ಕುಡೀರಿ" ಎಂದು ಲೋಟ ಮುಂದೆ ಹಿಡಿಯುತ್ತಾರೆ.

ನಿಯಮದಲ್ಲಿ ಈ ಪದಗಳಿಗೆ ಗಟ್ಟಿಯಾದ ಅರ್ಥಗಳಿವೆ. ಹಣ್ಣಿನ ರಸ ಬೇರೆ, ಹಣ್ಣಿನ ಪಾನೀಯ ಬೇರೆ. ಹಾಗೇ ಕುಡಿಯಲು ಸಿದ್ಧವಾಗಿರುವ ಹಣ್ಣಿನ ಪಾನೀಯದಲ್ಲಿ ಕನಿಷ್ಠ ಶೇ 10ರಷ್ಟು ರಸ ಅಥವಾ ತಿರುಳು ಇದ್ದರೆ ಸಾಕು, ನಿಂಬೆಯದಾದರೆ ಶೇ 5. ಉಳಿದದ್ದು ನೀರು, ಸಕ್ಕರೆ, ಇತರೆ. ಕಿತ್ತಳೆ ಅಥವಾ ನಿಂಬೆಯ ರುಚಿ ಮಾತ್ರ ಇರುವ ಎಷ್ಟೋ ಗುಳ್ಳೆ ಪಾನೀಯಗಳ ಮೇಲೆ "ಇದರಲ್ಲಿ ಹಣ್ಣು ಇಲ್ಲ" ಎಂದು ಅಚ್ಚಾಗಿರುತ್ತದೆ, ಇಂಗ್ಲಿಷಿನಲ್ಲಿ. ಆ ಒಂದು ಸಾಲು ಕನ್ನಡದಲ್ಲಿದ್ದಿದ್ದರೆ ಆ ಬಾಟಲಿಗೆ "ಜ್ಯೂಸ್" ಎಂಬ ಹೆಸರು ಇಷ್ಟು ದಿನ ಉಳಿಯುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಪೂರ್ತಿ ರಸ ಎಂದು ಹೇಳಿಕೊಳ್ಳುವ ಪ್ಯಾಕೆಟ್ಟುಗಳೂ ನೇರವಾಗಿರಲಿಲ್ಲ. ಗಟ್ಟಿ ಮಾಡಿದ ರಸಕ್ಕೆ ಮತ್ತೆ ನೀರು ಬೆರೆಸಿದ್ದನ್ನು ಶೇ 100 ಹಣ್ಣಿನ ರಸ ಎಂದು ಕರೆಯಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರ ಜೂನ್‌ನಲ್ಲಿ ಹೇಳಬೇಕಾಯಿತು.

ಸಕ್ಕರೆಯ ಲೆಕ್ಕ ಸರಳ. ಸಾಮಾನ್ಯ ಕೋಲಾದಲ್ಲಿ 100 ಮಿಲಿಲೀಟರಿಗೆ ಸುಮಾರು 10ರಿಂದ 11 ಗ್ರಾಂ ಸಕ್ಕರೆ. 250 ಮಿಲಿಲೀಟರಿನ ಬಾಟಲಿಗೆ ಸುಮಾರು 26 ಗ್ರಾಂ, ಅಂದರೆ ಐದಾರು ಚಮಚ. ಹಲವು ಮಾವಿನ ಪಾನೀಯಗಳಲ್ಲಿ ಅಷ್ಟೇ, ಕೆಲವದರಲ್ಲಿ ಇನ್ನೂ ಹೆಚ್ಚು. ದಿನಕ್ಕೆ 2,000 ಕ್ಯಾಲೊರಿ ಉಣ್ಣುವ ದೊಡ್ಡವರಿಗೆ ಹೀಗೆ ಸೇರಿಸಿದ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಿಂದ ಬರುವ ಲೆಕ್ಕ. ಒಂದು ಸಣ್ಣ ಬಾಟಲಿಗೆ ಆ 25 ಗ್ರಾಂನ ಲೆಕ್ಕ ಮುಗಿಯಿತು. ಇನ್ನು ತೆರಿಗೆಯ ಕಡೆ ತಿರುಗಿ ನೋಡಿದರೆ, ಸಕ್ಕರೆಯೇ ಇಲ್ಲದ ಡಯಟ್ ಕೋಲಾಕ್ಕೆ ಶೇ 40, ಸಕ್ಕರೆ ತುಂಬಿದ ಮಾವಿನ ಪಾನೀಯಕ್ಕೆ ಶೇ 5. ಆರೋಗ್ಯಕ್ಕಾಗಿ ಹಾಕಿದ ತೆರಿಗೆ ಇದು ಎಂದು ಯಾರಾದರೂ ಹೇಳಿದರೆ ಒಪ್ಪಲಾಗದು.

ಹಾಗಾದರೆ ಮಾವಿನ ಪಾನೀಯಕ್ಕೂ ಬರೆ ಎಳೆಯಬೇಕೇ? ಕೋಲಾರದಲ್ಲಿ ಕೂತು ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಲಾಗದು. ಶ್ರೀನಿವಾಸಪುರದ ಸುತ್ತ ಬೆಳೆಯುವ ತೋತಾಪುರಿ ತಿನ್ನುವುದಕ್ಕಿಂತ ತಿರುಳಿಗೆ ಹೋಗುವುದೇ ಹೆಚ್ಚು, ಆ ತಿರುಳೇ ಈ ಬಾಟಲಿಗಳ ಜೀವ. ತಿರುಳು ತೆಗೆಯುವ ಕಾರ್ಖಾನೆಗಳು ಬಹಳಷ್ಟು ಇರುವುದು ಚಿತ್ತೂರಿನ ಕಡೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಬರದಂತೆ ತಡೆದಾಗ ನಮ್ಮ ಬೆಳೆಗಾರರಿಗೆ ದಿಕ್ಕು ತೋಚದಂತಾಯಿತು. ಶ್ರೀನಿವಾಸಪುರದಲ್ಲಿ ಪ್ರತಿಭಟನೆ ನಡೆಯಿತು, ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ದರ ನಿಗದಿ ಮಾಡಿ 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಶೇ 12ರ ತೆರಿಗೆ 5ಕ್ಕೆ ಇಳಿದಿರುವುದರಿಂದ ಮಾವಿನ ಪಾನೀಯ ಹೆಚ್ಚು ಮಾರಾಟವಾಗಿ ತೋಟಕ್ಕೆ ನಾಲ್ಕು ಕಾಸು ಬರಬಹುದೆಂಬ ಆಸೆ ಸುಳ್ಳಲ್ಲ. ಆ ಆಸೆಗೆ ನಾನು ಎದುರು ನಿಲ್ಲುವುದಿಲ್ಲ. ಆದರೆ ಹತ್ತು ಪಾಲು ಹಣ್ಣಿಗೂ ನಲವತ್ತು ಪಾಲು ಹಣ್ಣಿಗೂ ಒಂದೇ ರಿಯಾಯಿತಿ ಯಾಕೆ? ತಿರುಳು ಹೆಚ್ಚಿದ್ದು ಸಕ್ಕರೆ ಕಡಿಮೆಯಿದ್ದರೆ ತೆರಿಗೆ ಕಡಿಮೆ ಎಂದು ಮಾಡಿದರೆ ಶ್ರೀನಿವಾಸಪುರದ ಹಣ್ಣೂ ಹೆಚ್ಚು ಹೋಗುತ್ತದೆ, ಕುಡಿಯುವ ಮಗುವಿಗೂ ಒಳಿತು. ರೈತನ ಹಿತ, ಕುಡಿಯುವವರ ಹಿತ ಎರಡೂ ಒಂದೇ ದಿಕ್ಕಿಗೆ ಸಾಗುವ ದಾರಿ ಅದು.

ಹೆಸರು ತಪ್ಪಿದರೆ ಜೀವಕ್ಕೆ ಕುತ್ತಾಗುತ್ತದೆ ಎಂಬುದಕ್ಕೆ ಓಆರ್‌ಎಸ್ ಪ್ರಕರಣ ಸಾಕ್ಷಿ. ಭೇದಿಯಾದ ಮಗುವಿಗೆ ಕೊಡುವ ಓಆರ್‌ಎಸ್ ದ್ರಾವಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, ಜೊತೆಗೆ ಅಳತೆಯ ಉಪ್ಪುಗಳು. ಅದರ ಹೆಸರನ್ನು ಹೋಲುವ ಹೆಸರಿಟ್ಟುಕೊಂಡ ಸಿಹಿ ಪಾನೀಯಗಳಲ್ಲಿ ಸಕ್ಕರೆ ಇದರ ಹಲವು ಪಟ್ಟು. ಕರುಳಿನಲ್ಲಿ ಸಕ್ಕರೆ ಅತಿಯಾದರೆ ಅದು ದೇಹದ ನೀರನ್ನೇ ಎಳೆದುಕೊಂಡು ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಒಬ್ಬರೇ ಎಂಬಂತೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆ ಮೂರಕ್ಷರವನ್ನು ಇಂಥ ಪಾನೀಯಗಳ ಹೆಸರಿನಲ್ಲಿ ಬಳಸಬಾರದೆಂದು ಆದೇಶಿಸಿತು. ಮೂರು ಅಕ್ಷರ ತೆಗೆಸಲು ಅಷ್ಟು ವರ್ಷ ಬೇಕಾಯಿತು. ಇವತ್ತಿಗೂ ಭೇದಿಯಾದ ಮಗುವಿಗೆ "ಜ್ಯೂಸ್ ಕುಡಿಸಿ, ಶಕ್ತಿ ಬರುತ್ತೆ" ಎನ್ನುವ ಹಿರಿಯರು ನಮ್ಮ ಹಳ್ಳಿಗಳಲ್ಲಿದ್ದಾರೆ. ದಯವಿಟ್ಟು ಕುಡಿಸಬೇಡಿ. ಆಶಾ ಕಾರ್ಯಕರ್ತೆಯ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಓಆರ್‌ಎಸ್ ಪುಡಿ ಉಚಿತವಾಗಿ ಸಿಗುತ್ತದೆ.

ಇತ್ತೀಚೆಗೆ ಶಾಲೆಯ ಹತ್ತಿರದ ಪೆಟ್ಟಿಗೆ ಅಂಗಡಿಗಳಿಗೂ ಎನರ್ಜಿ ಡ್ರಿಂಕ್ ಬಂದಿದೆ. ಇಪ್ಪತ್ತು ರೂಪಾಯಿ, ಕೆಂಪು ಬಣ್ಣ, ಜೋರು ಗ್ಯಾಸ್. ಮಕ್ಕಳ ಬಾಯಲ್ಲಿ ಅದು "ಸ್ಟಿಂಗ್", ಮನೆಯವರ ಬಾಯಲ್ಲಿ ಅದೂ ಕೂಲ್ ಡ್ರಿಂಕ್ಸೇ. ಕೆಫೀನ್ ಪಾನೀಯ ಎಂಬ ವರ್ಗಕ್ಕೆ ಬರುವ ಇವುಗಳಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ತಕ್ಕದ್ದಲ್ಲ ಎಂದು ಬಾಟಲಿಯ ಮೇಲೆ ಬರೆಯಲೇಬೇಕು, ಬರೆದೂ ಇದ್ದಾರೆ. ಯಾವ ಭಾಷೆಯಲ್ಲಿ ಎಂದು ಮತ್ತೆ ಹೇಳಬೇಕಾಗಿಲ್ಲ.

ಪ್ಯಾಕೆಟ್ಟಿನ ಮುಂಭಾಗದಲ್ಲೇ ಸಕ್ಕರೆ, ಉಪ್ಪು, ಕೊಬ್ಬಿನ ಎಚ್ಚರಿಕೆ ಇರಬೇಕೆಂಬ ಅರ್ಜಿಯ ಮೇಲೆ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳಲ್ಲಿ ಶಿಫಾರಸು ಕೊಡುವಂತೆ ತಜ್ಞರ ಸಮಿತಿಗೆ ಸೂಚಿಸಿತ್ತು. ಆ ಚರ್ಚೆ ನಡೆಯುತ್ತಿರುವುದು ಪ್ಯಾಕೆಟ್ಟಿಗೆ ಅಂಕದಂತೆ ನಕ್ಷತ್ರ ಕೊಡಬೇಕೇ, ಎಚ್ಚರಿಕೆಯ ಗುರುತು ಹಾಕಬೇಕೇ ಎಂಬುದರ ಸುತ್ತ. ಭಾಷೆಯ ಮಾತು ಅದರಲ್ಲಿ ಹಿಂದೆ ಸರಿದಿದೆ. ಕರ್ನಾಟಕದಲ್ಲಿ ಮಾರುವ ಬಾಟಲಿಯ ಮೇಲೆ ಕನ್ನಡದಲ್ಲಿ ಬೇಕಾದದ್ದು ಮೂರೇ ಸಾಲು: ಇಡೀ ಬಾಟಲಿಯಲ್ಲಿ ಇಷ್ಟು ಚಮಚ ಸಕ್ಕರೆ ಇದೆ, ಹಣ್ಣು ಇಷ್ಟು ಪಾಲು ಇದೆ ಅಥವಾ ಇಲ್ಲವೇ ಇಲ್ಲ, ಮಕ್ಕಳಿಗೆ ಕೊಡಬಹುದು ಅಥವಾ ಕೊಡಬಾರದು. ರಾಜ್ಯ ಸರ್ಕಾರ ಇದನ್ನು ಕೇಂದ್ರದ ಮುಂದೆ ಒತ್ತಾಯವಾಗಿಯೇ ಇಡಬೇಕು.

ಅಲ್ಲಿಯವರೆಗೆ ಜಿಲ್ಲೆಯಲ್ಲೇ ಆಗುವ ಕೆಲಸ ಒಂದಿದೆ. 2020ರ ನಿಯಮದಂತೆ ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಪಾನೀಯಗಳನ್ನು ಮಕ್ಕಳಿಗೆ ಮಾರುವಂತಿಲ್ಲ. ಇದನ್ನು ತಿಳಿಸಲು ಶಾಲೆಗಳು ಫಲಕ ಹಾಕುವಾಗ "ಅಧಿಕ ಶರ್ಕರಯುಕ್ತ ಪಾನೀಯಗಳ ಮಾರಾಟ ನಿಷಿದ್ಧ" ಎಂದು ಬರೆಸಿದರೆ ಪೆಟ್ಟಿಗೆ ಅಂಗಡಿಯ ಅಕ್ಕ ಅದು ತನ್ನ ಫ್ರಿಜ್ಜಿನ ವಿಷಯವೆಂದು ತಿಳಿಯುವುದಿಲ್ಲ. ಕೂಲ್ ಡ್ರಿಂಕ್ಸ್, ಜ್ಯೂಸ್ ಬಾಟಲಿ, ಕಲರ್ ಸೋಡ, ಸ್ಟಿಂಗ್, ಪೆಪ್ಸಿ ಐಸ್ ಎಂದು ಹೆಸರು ಹಿಡಿದು ಬರೆಸಬೇಕು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಅದರ ಕೆಳಗೆ ತೆಲುಗಿನಲ್ಲೂ, ಕೆಜಿಎಫ್‌ನಲ್ಲಿ ತಮಿಳಿನಲ್ಲೂ.